ಫ್ಯಾನಿನ ಕೆಳಗೆ ಭಂಡಾರ

ನಾನು ಸಾಲೆಗೆ ಸೇರಿದಾಗ ನನಗೆ ಆಗಲೇ ಮೀಸೆ ಚಿಗುರುತ್ತಿತ್ತು. ಅಲ್ಲಿಯವರೆಗೆ ಅಕ್ಕಲಕೋಟ ತಾಲೂಕಿನ ನಮ್ಮೂರಿನ ಬೀಳು ಹೊಲಗಳಲ್ಲಿ ಕುರಿ ಕಾಯುತ್ತಿದ್ದೆ. ಅಪ್ಪ ತೀರಿಕೊಂಡು ಹಿಂಡನ್ನು ಚಿಕ್ಕಪ್ಪ ನೋಡಿಕೊಳ್ಳತೊಡಗಿದ ಮೇಲೆ ಅವ್ವ ನನ್ನ ರಟ್ಟೆ ಹಿಡಿದುಕೊಂಡು ಹೋಗಿ, ಒಂದನೆಯ ಇಯತ್ತೆಯ ಕೂಸುಗಳ ಹಿಂದೆ ಗೋಡೆಗೆ ಆನಿಸಿ ಕೂರಿಸಿದಳು. "ಅಡಾಣಿ ಅನಿಸ್ಕೋಬ್ಯಾಡ" ಅಂದಳು. ಅಡಾಣಿ ಎಂದರೆ ನಮ್ಮ ಕಡೆ ಅಕ್ಷರ ಬಾರದವನು, ತಿಳಿವಳಿಕೆ ಇಲ್ಲದವನು. ಆ ಒಂದು ಮಾತು ತಪ್ಪಿಸಿಕೊಳ್ಳಲೆಂದೇ ನಾನು ಓದಿದೆ ಅಂದರೂ ನಡೆದೀತು. ಮ್ಯಾಟ್ರಿಕ್ ಮುಗಿಸಿ ಸೊಲ್ಲಾಪುರದಲ್ಲಿ ಕಾಮರ್ಸ್ ಕಲಿಯುವ ಹೊತ್ತಿಗೆ ಜೊತೆಯ ಹುಡುಗರು ನನ್ನನ್ನು ಕಾಕಾ ಎಂದು ಕರೆಯುತ್ತಿದ್ದರು. ನಾನೂ ಓಗೊಡುತ್ತಿದ್ದೆ.

ಓದಿನ ಭಾಗವಾಗಿ ಒಂದು ವರ್ಷ ಬ್ಯಾಂಕಿನಲ್ಲಿ ಉಮೇದವಾರಿ ಮಾಡಬೇಕಿತ್ತು. ಉಮೇದವಾರನಿಗೆ ಪಗಾರವಿಲ್ಲ, ಕೆಲಸ ಕಲಿಯುವುದೇ ಲಾಭ. ನನ್ನನ್ನು ಹಾಕಿದ್ದು ಸೊಲ್ಲಾಪುರ ಪೇಟೆಯ ಒಂದು ಸಹಕಾರಿ ಬ್ಯಾಂಕಿಗೆ. ಮೊದಲ ದಿನ ಹೆಡ್ ಕ್ಲಾರ್ಕ್, ಬಿಸಿಲಲ್ಲಿ ಬೆಂದು ವಯಸ್ಸಿಗಿಂತ ಮುದಿಯಾಗಿ ಕಾಣುತ್ತಿದ್ದ ನನ್ನನ್ನು ನೋಡಿ ಅರ್ಧ ಎದ್ದು ನಿಂತರು.

"ಬರ್ರಿ, ಕೂಡ್ರಿ. ಮಗ ಎಲ್ಲಿ? ಹೊರಗ ನಿಂತಾನೇನು?"

"ಯಾರ ಮಗ್ರಿ?"

"ಉಮೇದವಾರಿಗೆ ಬಿಡಾಕ ಬಂದೀರಲ್ಲ, ನಿಮ್ಮ ಮಗ."

"ನಾನಽ ಉಮೇದವಾರ್ರಿ."

ಅವರು ಎದ್ದಷ್ಟೇ ಮೆಲ್ಲಗೆ ಕೂತರು. ಅವರ ಮೇಜಿನ ಪಕ್ಕದಲ್ಲಿದ್ದ ಇನ್ನೊಬ್ಬ ಉಮೇದವಾರ, ನನಗಿಂತ ಎಷ್ಟೋ ಚಿಕ್ಕವನು, ಪೇಟೆಯ ಮನೆತನದ ಹುಡುಗ, ಬಾಯಿಗೆ ಕರವಸ್ತ್ರ ಒತ್ತಿಕೊಂಡ. ವರ್ಷದ ಕೊನೆಗೆ ಉಮೇದವಾರರಲ್ಲಿ ಒಬ್ಬನನ್ನು ಕಾಯಂ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಇದ್ದದ್ದು ನಾವಿಬ್ಬರೇ. ಆ ಕುರ್ಚಿ ನನಗೆ ಬೇಕೇ ಬೇಕಿತ್ತು. ಆ ವಯಸ್ಸಿನಲ್ಲಿ ಇನ್ನೊಂದು ಕಚೇರಿಯ ಬಾಗಿಲಲ್ಲಿ ನಿಂತು "ನಾನೇ ಉಮೇದವಾರ" ಎಂದು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕೆಲಸದಲ್ಲಿ ನಾನು ಹಿಂದೆ ಬೀಳಲಿಲ್ಲ. ಅಕ್ಷರ ದುಂಡಗಿತ್ತು, ಕೂಡಿಸಿದ ಬೇರೀಜು ತಪ್ಪುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರು ಮರಾಠಿಯವರು, ಮೆತ್ತಗಿನ ಮನುಷ್ಯ. ಒಂದೆರಡು ಸಲ ನನ್ನ ಪುಟ ನೋಡಿ "ಛಾನ್" ಎಂದು ಮೆಚ್ಚಿದ್ದರು. ಆ ಮಾತನ್ನು ದಸರಾಕ್ಕೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ದೀಪಾವಳಿಗೆ ಬ್ಯಾಂಕಿನಲ್ಲಿ ಲಕ್ಷ್ಮೀಪೂಜೆ ಇದೆ, ಹೊಸ ಲೆಕ್ಕದ ಪುಸ್ತಕಗಳನ್ನು ಪೂಜಿಸುತ್ತಾರೆ ಅಂತಲೂ ಹೇಳಿದೆ. ಅವಳು ಎದ್ದು ಹೋಗಿ ಬಿರೋಬಾನ ಗುಡಿಯಿಂದ ಒಂದು ಚೀಲ ಭಂಡಾರ ತಂದಳು.

ಭಂಡಾರ ಅಂದರೆ ದೇವರ ಅರಿಸಿನದ ಪುಡಿ. ಕುರಿ ಸಾಕುವ ನಮ್ಮ ಜನ ಅದನ್ನು ಹಣೆಗಷ್ಟೇ ಹಚ್ಚುವುದಿಲ್ಲ, ಮುಷ್ಟಿಗಟ್ಟಲೆ ಆಕಾಶಕ್ಕೆ ಹಾರಿಸುತ್ತೇವೆ. ಅದು ದೇವರ ಮೇಲೆ, ಗೌಡರ ಮೇಲೆ, ಕುರಿಗಳ ಮೇಲೆ ಒಂದೇ ಸಮ ಬೀಳುತ್ತದೆ. ಬಿದ್ದವರು ಒರೆಸಿಕೊಳ್ಳುವುದಿಲ್ಲ.

"ನೀ ಕೂಡು ಜಾಗಕ್ಕ ನಮ್ಮ ದೇವರದು ಬೀಳಬೇಕು ನೋಡು," ಅಂದಳು ಅವ್ವ. "ಚಿಟಿಕಿ ಹಾಕಬ್ಯಾಡ, ಮುಷ್ಟಿ ತುಂಬ ಹಾರಿಸು. ದೇವರ ಮುಂದ ಕೈ ಬಿಗಿ ಹಿಡೀಬ್ಯಾಡ."

ಪೂಜೆಯ ಸಂಜೆ ಬ್ಯಾಂಕಿನ ದೊಡ್ಡ ಕೋಣೆಯಲ್ಲಿ ಬಿಳಿ ಚಾದರ ಹಾಸಿ ಹೊಸ ಪುಸ್ತಕಗಳನ್ನು ತೆರೆದಿಟ್ಟಿದ್ದರು. ಮೊದಲ ಪುಟದಲ್ಲಿ ಕಲಸಿದ ಕುಂಕುಮದಿಂದ ಬರೆದ ಶ್ರೀ ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಪೇಡೆಗಳ ದೊಡ್ಡ ತಾಟು. ಚೇರ್ಮನ್ನರು, ಬಿಳಿ ಧೋತರ ಕರಿ ಟೋಪಿಯ ಡೈರೆಕ್ಟರುಗಳು, ಹೊಸ ರೇಷ್ಮೆ ಸೀರೆಯ ಚೇರ್ಮನ್ನರ ಹೆಂಡತಿ ಎಲ್ಲರೂ ಒತ್ತಾಗಿ ಕೂತಿದ್ದರು. ದೀಪ ಆರಬಾರದೆಂದು ಫ್ಯಾನು ನಿಲ್ಲಿಸಿದ್ದರು. ಆರತಿ ಮುಗಿದದ್ದೇ ಚೇರ್ಮನ್ನರು ಬೆವರು ಒರೆಸಿಕೊಂಡು ಫ್ಯಾನು ಹಾಕಿಸಿದರು.

ಆಮೇಲೆ ಒಬ್ಬೊಬ್ಬರೇ ಮುಂದೆ ಹೋಗಿ ಬಟ್ಟಲಿನಿಂದ ಒಂದು ಚಿಟಿಕೆ ಅರಿಸಿನ ಪುಸ್ತಕಕ್ಕೆ ಹಾಕಿ ಕೈಮುಗಿದು ಸರಿಯುತ್ತಿದ್ದರು. ನೋಡುತ್ತ ನಿಂತ ನನಗೆ ಅದು ಸರಿ ಕಾಣಲಿಲ್ಲ. ಇಷ್ಟು ದೊಡ್ಡ ಬ್ಯಾಂಕು, ಇಷ್ಟು ಸಣ್ಣ ಚಿಟಿಕೆ! ನನ್ನ ಸರದಿ ಬಂತು. ಚೀಲದಲ್ಲಿ ಕೈ ಇಳಿಸಿ, ಎರಡೂ ಮುಷ್ಟಿ ತುಂಬಿಕೊಂಡು, ಕಣ್ಣು ಮುಚ್ಚಿ, "ಬಿರೋಬಾನ ಹೆಸರ್ಲೆ ಚಾಂಗಭಲೋ!" ಎಂದು ಜಯಕಾರ ಕೂಗಿ ಮೇಲಕ್ಕೆ ಹಾರಿಸಿದೆ.

ನಾನು ಹುಟ್ಟಿದಾಗಿನಿಂದ ಭಂಡಾರ ಹಾರಿಸಿದ್ದು ಬಯಲಿನಲ್ಲಿ. ತಿಂಗಳುಗಟ್ಟಲೆ ಅದೇ ಫ್ಯಾನಿನ ಕೆಳಗೆ ಕೂತು ಬರೆದಿದ್ದೆ. ಆದರೂ ಆ ಗಳಿಗೆಯಲ್ಲಿ ನನ್ನ ತಲೆಯ ಮೇಲೆ ಆಕಾಶವೇ ಇದ್ದಂತಿತ್ತು.

ಕಣ್ಣು ತೆರೆದಾಗ ಕೋಣೆಯೇ ಕಾಣಲಿಲ್ಲ. ಹಳದಿ ಮೋಡ. ಅದರೊಳಗಿಂದ ಸೀನು, ಕೆಮ್ಮು, ಬಳೆಗಳ ಸದ್ದು. ಮೋಡ ಇಳಿದ ಮೇಲೆ ನೋಡುತ್ತೇನೆ: ಧೋತರ ಹಳದಿ, ಟೋಪಿ ಹಳದಿ, ಹಸಿ ಶ್ರೀಯ ಮೇಲೆ ಹಳದಿ ಕೆಸರು, ಪೇಡೆ ಯಾವುದು ಅರಿಸಿನದ ಉಂಡೆ ಯಾವುದು ತಿಳಿಯದು. ಚೇರ್ಮನ್ನರ ಹೆಂಡತಿ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಎಲ್ಲರೂ ಒರೆಸಿಕೊಳ್ಳುತ್ತಿದ್ದರು. ಮ್ಯಾನೇಜರ್ ಸಾಹೇಬರು "ಹೇ ಕಾಯ ಕೇಲಂಸ, ಬಾಬಾ?" ಅಂದರು, ಇದೇನು ಮಾಡಿಬಿಟ್ಟೆ ಎಂದು. ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಏ ಕಾಕಾ," ಅಂದರು ಹೆಡ್ ಕ್ಲಾರ್ಕ್, "ದೀಪಾವಳಿ ಮಾಡಂದ್ರ ಹೋಳಿ ಆಡಿಬಿಟ್ಟೆಲ್ಲೋ!"

ಕೋಣೆ ನಕ್ಕಿತು. ಡೈರೆಕ್ಟರುಗಳು ನಗಲಿಲ್ಲ.

ಚಾದರವನ್ನು ನಾನೇ ಒಗೆದು ತರುತ್ತೇನೆಂದು ಬಾಡಿಗೆ ಕೋಣೆಗೆ ತಂದೆ. ನಳದ ಕೆಳಗೆ ಸಾಬೂನು ತಿಕ್ಕಿದೊಡನೆ ಹಳದಿಯೆಲ್ಲ ಕೆಂಪಾಯಿತು. ಮನೆಯೊಡತಿ ಬಾಗಿಲಿಂದ ಇಣುಕಿ, "ಅಯ್ಯ, ಯಾರನ್ನರ ಕಡದು ಬಂದೀಯೇನೋ ತಮ್ಮಾ?" ಅಂದಳು. ನಾನು ತಿಕ್ಕುತ್ತಲೇ ಇದ್ದೆ.

ಆಮೇಲಿನ ತಿಂಗಳುಗಳಲ್ಲಿ ಯಾವ ಪುಸ್ತಕ ತೆರೆದರೂ ಹಾಳೆಗಳ ನಡುವಿನಿಂದ ಒಂದಿಷ್ಟು ಹಳದಿ ಉದುರುತ್ತಿತ್ತು. ನಾನು ಕುರ್ಚಿಯಿಂದ ಎದ್ದರೆ ಆ ಪೇಟೆಯ ಹುಡುಗ ಮೆಲ್ಲಗೆ "ಚಾಂಗಭಲೋ" ಅನ್ನುತ್ತಿದ್ದ. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ನಗುತ್ತಾರೆಂಬ ಭಯ.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಕೇಳಿದಳು.

"ಹಾರಿಸಿದಿ?"

"ಹಾರಿಸಿದೆವ್ವ."

"ಸಾಹೇಬರ ಮ್ಯಾಲ ಬಿತ್ತೋ ಇಲ್ಲೋ?"

"ಎಲ್ಲಾರ ಮ್ಯಾಲೂ ಬಿತ್ತು."

ಅವಳು ಆ ದಿನವೇ ಓಣಿಯ ತುಂಬ ಹೇಳಿಕೊಂಡು ಬಂದಳು. ಸೊಲ್ಲಾಪುರದ ಸಾಹೇಬರು ನಮ್ಮ ದೇವರ ಭಂಡಾರ ತಲೆಯ ಮೇಲೆ ಹೊತ್ತರಂತೆ.

ವರ್ಷ ಮುಗಿಯುತ್ತ ಬಂದಾಗ ಸಾಹೇಬರು ನನ್ನನ್ನು ಒಳಗೆ ಕರೆದರು. ನನ್ನ ಕೆಲಸ ಚೆನ್ನಾಗಿದೆ, ಶಿಫಾರಸು ಮಾಡಲು ಅವರು ಸಿದ್ಧ. ಆದರೆ ಡೈರೆಕ್ಟರುಗಳಿಗೆ ತಪ್ಪೊಪ್ಪಿಕೊಂಡ ಒಂದು ಮಾಫಿನಾಮಾ ಬೇಕು. ಹೆಡ್ ಕ್ಲಾರ್ಕ್ ಹಾಳೆ ಕೊಟ್ಟು ತಾವೇ ಹೇಳಿ ಬರೆಸತೊಡಗಿದರು. "ನನ್ನ ಅಡಾಣಿತನದಿಂದ ಆದ ತಪ್ಪಿಗೆ..." ಅಲ್ಲಿಗೆ ನನ್ನ ಕೈ ನಿಂತಿತು.

"ಆ ಶಬ್ದ ಬ್ಯಾಡ್ರಿ."

"ಮತ್ತೇನು ಬರೀತೀಯೋ ಮಾರಾಯಾ? ಅದೊಂದು ಶಬ್ದ ಬರದು ಕುರ್ಚಿ ಹಿಡಕೊಂಡು ಕೂಡು."

"ಭಂಡಾರ ನಮ್ಮವ್ವ ಕೊಟ್ಟಿದ್ರಿ. ಹೆಂಗ ಹಾರಿಸಬೇಕು ಅಂತ ಆಕೀನಽ ಹೇಳಿದ್ಲು. ಅದು ಅಡಾಣಿತನ ಅಲ್ರಿ. ಫ್ಯಾನು ತಿರಗತಿತ್ತು, ನಾ ನೋಡಲಿಲ್ಲ. ಅದು ನನ್ನ ತಪ್ಪು. ಅಷ್ಟು ಬರೀತೀನ್ರಿ."

ಹೆಡ್ ಕ್ಲಾರ್ಕ್ ಹಣೆ ಚಚ್ಚಿಕೊಂಡರು. ಸಾಹೇಬರು ನನ್ನ ಹಾಳೆ ಓದಿ, ಮೀಸೆಯೊಳಗೆ ನಕ್ಕು, ಹಾಗೆಯೇ ಮೇಲಕ್ಕೆ ಕಳಿಸಿದರು. ಡೈರೆಕ್ಟರುಗಳು ಅದನ್ನು ಉದ್ಧಟತನವೆಂದು ತಿಳಿದರಂತೆ. ಉಮೇದವಾರಿ ಪೂರೈಸಿದ ದಾಖಲೆ ನನಗೆ ಸಿಕ್ಕಿತು. ಕುರ್ಚಿ ಆ ಹುಡುಗನಿಗೆ ಹೋಯಿತು.

ಇನ್ನು ಮುಚ್ಚಿಡುವಂತಿರಲಿಲ್ಲ. ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಪೇಡೆ, ಪುಸ್ತಕ, ಚೇರ್ಮನ್ನರ ಹೆಂಡತಿಯ ರೇಷ್ಮೆ ಸೀರೆ, ಕೆಂಪಾದ ಚಾದರ.

"ಫ್ಯಾನ್ ಅಂದ್ರೇನೋ?" ಅಂದಳು.

ನಾನು ತಲೆಯ ಮೇಲೆ ಕೈ ಗರಗರ ತಿರುಗಿಸಿ ತೋರಿಸಿದೆ. ಅವಳು ನನ್ನ ಕೈಯನ್ನೇ ನೋಡಿದಳು.

"ಆ ಹೆಣಮಗಳ ಸೀರಿ?"

"ಕಲೆ ಹೋಗಿಲ್ಲಂತ."

ಅವಳು ಸೆರಗು ಎಳೆದು ಬಾಯಿಗೆ ಹಿಡಿದುಕೊಂಡಳು. "ಚಿಟಿಕಿ ಹಾಕು ಅಂದಿದ್ರ ಆಗ್ತಿತ್ತು. ನಾನಽ ಮುಷ್ಟಿ ಅಂದೆ," ಅಂದಳು. ನಾನು ಅಷ್ಟು ತಿಂಗಳು ಹೊತ್ತು ತಿರುಗಿದ ನಾಚಿಕೆ ನನ್ನ ಕಣ್ಣೆದುರೇ ಅವಳ ಮುಖಕ್ಕೆ ದಾಟಿತು. ಆದರೂ ನನ್ನ ಮೇಲಿಂದ ಇಳಿಯಲಿಲ್ಲ.

ಅಷ್ಟರಲ್ಲಿ ಓಣಿಯಿಂದ ನೆರೆಮನೆಯ ಅಕ್ಕ ಕೂಗಿದಳು: "ಏನಬೇ, ಮಗಾ ಸಾಹೇಬ ಆಗಿ ಬಂದಾನೇನು?"

ಅವ್ವ ಹೊಸ್ತಿಲಿಗೆ ಹೋಗಿ ನಿಂತಳು. "ಅವನಽ ಬ್ಯಾಡಂತ ಬಿಟ್ಟು ಬಂದಾನಬೇ," ಅಂದಳು, ಓಣಿಗೆಲ್ಲ ಕೇಳುವಷ್ಟು ಜೋರಾಗಿ.

ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ, ಕಂಬಳಿಯ ಮೇಲೆ, ಗೋಡೆಗೆ ಮುಖ ಮಾಡಿ ಕೂತೆ.