ನೀರು ಕೇಳಿದವನ ಮನೆಗೆ

ಸಿನಿಮಾ ಮುಗಿಯುವ ಮೊದಲೇ ಅಣ್ಣ ಎದ್ದು ಹೊರಗೆ ಹೋಗಿಬಿಟ್ಟ.

ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ನಾನು ವಡೋದರಕ್ಕೆ ಬಂದು ಎಷ್ಟೋ ವರ್ಷವಾಯಿತು. ಮಗಳು ಮೇಘಾ ಬೆಳೆದದ್ದೇ ಇಲ್ಲಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮೊದಲು ಬರುವುದು ಗುಜರಾತಿ.

ಹನ್ನೆರಡನೇ ಕ್ಲಾಸ್ ಮುಗಿಸಿದವಳು ಈಗ ಸೇನೆಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ.

ಅಣ್ಣ ಸೇನೆಯಲ್ಲಿದ್ದವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಶ್ರೀಲಂಕಾದ ಯುದ್ಧಕ್ಕೆ ಹೋಗಿ ಬಂದವನು. ಅಲ್ಲಿನ ಒಂದು ಮಾತನ್ನೂ ಮನೆಯಲ್ಲಿ ಆಡಿರಲಿಲ್ಲ.

ಕಳೆದ ತಿಂಗಳು ಅವನು ಗದಗಿನಿಂದ ಬಂದಾಗ ಇಬ್ಬರನ್ನೂ ಅಲ್ಕಾಪುರಿಯ ಥಿಯೇಟರ್‌ಗೆ ಕರೆದೊಯ್ದೆ. ಪರದೇಶಕ್ಕೆ ಹೋದ ಎಳೆಯ ಸೈನಿಕರ ಕಥೆ. ನೋಡಿ ಮಗಳು ಹೆದರಲಿ ಎಂಬುದು ನನ್ನ ಆಸೆ.

ಅವಳು ಹೆದರಲಿಲ್ಲ. ಹೊಟ್ಟೆಗೆ ಗುಂಡು ಬಿದ್ದ ಹುಡುಗನಿಗೆ ಗೆಳೆಯ ನೀರು ಕುಡಿಸುವ ಸೀನ್ ಬಂತು... ಅಣ್ಣ ಎದ್ದ.

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನಾವು ಪಕ್ಕದಲ್ಲಿ ಕೂತೆವು.

"ನಮ್ಮ ಪಡೆಯ ಜಯೇಶನೂ ಲಂಕಾದಾಗ ಹಿಂಗ ಬಿದ್ದಿದ್ದ. ನೀರು, ನೀರು ಅಂದ. ಹೊಟ್ಟಿಗೆ ಗುಂಡು ಬಿದ್ದವರಿಗೆ ನೀರು ಕೊಡಬಾರದು ಅಂತ ಕಲಿಸಿದ್ರು. ನಾ ಕೊಡಲಿಲ್ಲ. ಹೆಂಗಿದ್ರೂ ಅವ ಉಳೀಲಿಲ್ಲ..."

ಜಯೇಶನ ಊರು ದಭೋಯಿ ಹತ್ತಿರದ ಹಳ್ಳಿಯಂತೆ. ನಮ್ಮ ಮನೆಯಿಂದ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಅಣ್ಣ ನಮ್ಮಲ್ಲಿಗೆ ಎಷ್ಟು ಸಲ ಬಂದರೂ ಆ ಹೆಸರು ಎತ್ತಿರಲಿಲ್ಲ.

"ಮಾಮಾ, ನಾವು ಅಲ್ಲಿ ಹೋಗೋಣ," ಅಂದಳು ಮೇಘಾ.

ಮರುದಿನ ಭಾನುವಾರ, ಮೂವರೂ ಹೊರಟೆವು. ಊರಿಗೆ ಹೋಗಿ, ಲಂಕಾದಲ್ಲಿ ಸತ್ತ ಸೈನಿಕನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಯಾರೋ ತೋರಿಸಿದರು.

ಜಯೇಶನ ತಾಯಿ ಇನ್ನೂ ಇದ್ದರು! ಅಂಗಳದಲ್ಲಿ ಮಂಚದ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಗುಜರಾತಿ ಬಿಟ್ಟು ಬೇರೆ ಭಾಷೆ ತಿಳಿಯದು.

ನಾವು ಯಾರೆಂದು ಮೇಘಾ ಹೇಳಿದ್ದೇ ತಡ, ಅಣ್ಣನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಮುಖವನ್ನೇ ನೋಡುತ್ತಾ ಏನೋ ಕೇಳಿದರು.

"ಮಾಮಾ... ಲಾಸ್ಟಲ್ಲಿ ಜಯೇಶ್ ಏನು ಕೇಳಿದ ಅಂತ ಕೇಳ್ತಿದಾರೆ."

ಅಣ್ಣನಿಗೆ ಬರುವ ಹಿಂದಿಯೂ ಆ ಹೊತ್ತಿಗೆ ಬರಲಿಲ್ಲ. ಕನ್ನಡದಲ್ಲೇ ಹೇಳಿದ.

"ನೀರು ಕೇಳಿದ, ನಾ ಕೊಡಲಿಲ್ಲ ಅಂತ ಹೇಳವ್ವಾ. ಮುಚ್ಚಿಡಬ್ಯಾಡ."

ಮೇಘಾ ಆ ತಾಯಿಯ ಮುಖ ನೋಡಿದಳು. ಆಮೇಲೆ ಗುಜರಾತಿಯಲ್ಲಿ ಹೇಳಿದಳು... ನೀರು ಕೇಳಿದ, ಮಾಮಾ ಕುಡಿಸಿದರು, ಕುಡಿದು ಕಣ್ಣು ಮುಚ್ಚಿದ.

ಅಷ್ಟು ಗುಜರಾತಿ ನನಗೂ ಬರುತ್ತದೆ. ಹಿಂದಿ ಬಲ್ಲ ಅಣ್ಣನಿಗೂ ಅದು ತಿಳಿಯಿತೆಂದು ಅವನ ಮುಖವೇ ಹೇಳುತ್ತಿತ್ತು.

ಆ ತಾಯಿ ಅಣ್ಣನ ಬಲಗೈ ಎತ್ತಿ ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ಬಿಡಲೇ ಇಲ್ಲ. ಅಣ್ಣ ಬಾಯಿ ತೆರೆದ. ಮತ್ತೆ ಮುಚ್ಚಿದ.

ವಾಪಸ್ ಬರುವಾಗ ಕಾರಿನಲ್ಲಿ, "ನಾ ಹೇಳಂದಿದ್ದು ಅದಲ್ಲವ್ವಾ," ಅಂದ.

"ಗೊತ್ತು ಮಾಮಾ. ಅವರ ಫೇಸ್ ನೋಡ್ಕೊಂಡು... ನನಗೆ ಹೇಳಕ್ಕೆ ಆಗ್ಲಿಲ್ಲ."

ಅಣ್ಣ ಅವಳನ್ನು ಬೈಯಲಿಲ್ಲ.

ಈಗ ಗದಗಿಗೆ ಹೋಗಿದ್ದಾನೆ. ಫೋನ್ ಮಾಡಿದರೆ ಮೇಘಾಳನ್ನೇ ಮೊದಲು ಕೇಳುತ್ತಾನೆ. ಅವಳು ಇನ್ನೂ ಸೇನೆಗೆ ಸೇರುತ್ತೇನೆಂದೇ ಅನ್ನುತ್ತಾಳೆ, ಆದರೆ ಮೊದಲಿನ ಆ ಹಾರಾಟವಿಲ್ಲ.

ಆ ತಾಯಿಗೆ ಸಮಾಧಾನ ಸಿಕ್ಕಿತು. ಅಣ್ಣ ಕಡೆಗೂ ಬಾಯಿಬಿಟ್ಟು ಹೇಳಿದ ಸತ್ಯ ಅವರನ್ನು ಮುಟ್ಟಲೇ ಇಲ್ಲ... ನನ್ನ ಮಗಳ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ?