ಕತ್ತರಿಸಿದ ಡಯೋಡಿನ ಕಾಲು

ಸೋಮು, ಯಶೋದೆಯ ಕರೆಂಟಿನ ಶ್ರುತಿಪೆಟ್ಟಿಗೆಗೆ ನೀನು ಮಾಡಿಕೊಟ್ಟ ಅಡಾಪ್ಟರಿನಲ್ಲಿ ಒಂದು ಡಯೋಡಿನ ಕಾಲನ್ನು ಕತ್ತರಿಸಿದವನು ನಾನು.

ಇಷ್ಟು ವರ್ಷ ನಾನು ಇದನ್ನು ಬೇರೆ ಥರ ನೆನಪಿಟ್ಟುಕೊಂಡಿದ್ದೆ. ಬೆಸುಗೆ ತಾನಾಗಿ ಬಿಟ್ಟಿತ್ತು, ನಾನು ಕಂಡೂ ಸುಮ್ಮನಿದ್ದೆ — ಅಷ್ಟೇ — ಎಂದು. ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನು ಈ ಒಂದು ನೆನಪಿಗೆ ಮಾತ್ರ ಪುರಾವೆ ಕೇಳಲಿಲ್ಲ.

ಮೂಕಂಡಪಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಮೇಲೆ ಅಡಾಪ್ಟರನ್ನು ಬಿಚ್ಚಿಟ್ಟು ನೀನು ಅವಳಿಗೆ ವಿವರಿಸುತ್ತಿದ್ದೆ.

"ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡ್ತಾ ಇರ್ತದಕ್ಕಾ. ಈ ನಾಲ್ಕು ಡಯೋಡು ಅದ್ನ ಒಂದೇ ಕಡೀಕೆ ತಿರುಗಿಸ್ತವೆ. ಆದ್ರೂ ಏರಿಳಿತ ಇರ್ತದೆ. ಈ ಕೆಪಾಸಿಟರ್ ನಿಮ್ಮನೆ ಮೇಲಿನ ಟ್ಯಾಂಕಿದ್ದಂಗೆ. ನೀರು ಬಿಟ್ಟು ಬಿಟ್ಟು ಬಂದ್ರೂ ನಲ್ಲೀಲಿ ಒಂದೇ ಸಮ ಬತ್ತದಲ್ಲಾ, ಅಂಗೆ."

ಅವಳು ನಕ್ಕಳು. "ಇವ್ರು ವರ್ಷಾ ವರ್ಷಾ ಇದನ್ನೇ ಪಾಠ ಮಾಡ್ತಾರೆ. ನಂಗೊಂದಿನ ಹೇಳಿಲ್ಲ ನೋಡು."

"ಅವ್ನು ಮೇಷ್ಟ್ರು ಅಕ್ಕಾ. ಫೀಸು ಕಟ್ಟಿದ್ರೇನೇ ಹೇಳಾದು," ಎಂದು ನೀನು ನನ್ನ ಬೆನ್ನು ತಟ್ಟಿದೆ.

ನಾನೂ ನಕ್ಕೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಎಂ.ಎಸ್ಸಿ. ಓದಿದವರು, ಅಂಕ ನನಗೇ ಹೆಚ್ಚು. ನೀನು ಅವಳನ್ನು ಬಯಸಿದೆ ಎಂಬ ಅನುಮಾನ ನನಗಿರಲಿಲ್ಲ — ಇದ್ದಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ನಿನ್ನನ್ನು ಕೇಳಿದಂತೆ ಅವಳು ಗಂಡನಾದ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಅಭ್ಯಾಸಕ್ಕೆ ಕೂತಾಗ ಆ ಶುದ್ಧವಾದ ಶ್ರುತಿ ಮನೆಯೆಲ್ಲ ತುಂಬುತ್ತಿತ್ತು, ಪಕ್ಕದ ಮನೆಯವರಿಗೆ ಅವಳು "ನಮ್ಮ ಸೋಮು ಮಾಡ್ಕೊಟ್ಟಿದ್ದು" ಎನ್ನುತ್ತಿದ್ದಳು. ನಾನು ಪೇಪರು ಮಡಿಸಿಟ್ಟು ಹೊರಗೆ ಹೋಗಿಬಿಡುತ್ತಿದ್ದೆ.

ರಾಮನವಮಿಗೆ ಭಜನೆ ಮಂದಿರದಲ್ಲಿ ಅವಳ ಮೊದಲ ಕಚೇರಿ. ಅಂದು ಮಧ್ಯಾಹ್ನ ಅವಳು ಒಳಗೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಧೂಳು ಒರೆಸೋಣ ಎಂದುಕೊಂಡು ಅಡಾಪ್ಟರನ್ನು ಬಿಚ್ಚಿದೆ — ಧೂಳು ಒರೆಸಲು ಇಕ್ಕಳ ಯಾಕೆ ಬೇಕಿತ್ತು? ನಾಲ್ಕರಲ್ಲಿ ಒಂದು ಡಯೋಡು ಹೋದರೆ ಪೆಟ್ಟಿಗೆ ಸಾಯುವುದಿಲ್ಲ. ಟ್ಯಾಂಕಿಗೆ ಎರಡು ಸಲ ಬರಬೇಕಾದ ನೀರು ಒಂದೇ ಸಲ ಬರುತ್ತದೆ, ಅಲೆ ದೊಡ್ಡದಾಗಿ ಶ್ರುತಿಯೊಳಗೆ ಗುಂಯ್‌ಗುಟ್ಟುತ್ತದೆ. ಮನೆಯ ಪುಟ್ಟ ಸ್ಪೀಕರಿನಲ್ಲಿ ಅದು ಕೇಳಿಸದು, ಮಂದಿರದ ದೊಡ್ಡ ಸ್ಪೀಕರಿನಲ್ಲಿ ಕೇಳಿಸುತ್ತದೆ. ಆ ಅಲೆಯ ಚಿತ್ರವನ್ನು ನಾನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ.

ಅವಳು ಪಲ್ಲವಿ ಎತ್ತಿಕೊಳ್ಳುತ್ತಿದ್ದಂತೆ ಶ್ರುತಿಯ ಧ್ವನಿ ಏರಿಸಿದರು, ಸ್ಪೀಕರು ಗುಂಯ್ ಎಂದಿತು. "ಯಾರ್ಲಾ ಅದು, ಜೇನುಹುಳ ಬಿಟ್ಟೌರೆ," ಎಂದರು ಹಿಂದಿನಿಂದ ಯಾರೋ. ಜನ ನಕ್ಕರು. ಅವಳು ನಿಲ್ಲಿಸಿದಳು, ಮತ್ತೆ ಎತ್ತಿಕೊಂಡಳು, ಸ್ವರ ಜಾರಿತು — ಎದ್ದು ಕೆಳಗಿಳಿದಳು. ನೀನು ಮಂಡಿಯೂರಿ ವೈರು ತಡಕುತ್ತಿದ್ದೆ. "ತಪ್ಪು ನಂದೇ ಅಕ್ಕಾ. ಸರ್ಯಾಗಿ ನೋಡ್ಬೇಕಿತ್ತು."

ಆಟೋದಲ್ಲಿ ನಾನು ಅವಳಿಗೆ ಹೇಳಿದೆ: "ಅವನ್ನ ನಂಬಿದ್ದೇ ತಪ್ಪು ಕಣೆ."

ಡಯೋಡು ಕತ್ತರಿಸಿದ್ದಕ್ಕಿಂತ ಈ ಮಾತು — ಇರಲಿ, ತೂಗಲು ನಾನು ಯಾರು. ನೀನು ನಮ್ಮ ಮನೆಗೆ ಬರುವುದನ್ನು ಬಿಟ್ಟೆ. ಅವಳು ಮತ್ತೆ ವೇದಿಕೆ ಹತ್ತಲಿಲ್ಲ.

ಮೊನ್ನೆ ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡುವಾಗ ಅಡಾಪ್ಟರು ಸಿಕ್ಕಿತು. ಬಿಚ್ಚಿದೆ. ಬೆಸುಗೆಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಒಂದು ಡಯೋಡಿನ ಕಾಲು ಮಾತ್ರ ನಡುವೆ ತುಂಡಾಗಿತ್ತು, ಎರಡೂ ತುದಿಗಳಲ್ಲಿ ಇಕ್ಕಳ ಕಚ್ಚಿದ ಚಪ್ಪಟೆ ಗುರುತು. ನನ್ನ ನೆನಪು ಇಷ್ಟು ಕಾಲ ನನ್ನ ಪರವಾಗಿ ಸುಳ್ಳು ಹೇಳುತ್ತಿತ್ತು.

ಯಶೋದೆಗೆ ತೋರಿಸಿದೆ. ಹೇಳಿದೆ. ಅವಳು ತುಂಡಾದ ಆ ಕಾಲನ್ನು ಬೆರಳಿಂದ ಮುಟ್ಟಿ ನೋಡಿದಳು.

"ಸೋಮುಗೆ ಹೇಳಿದ್ರಾ?"

"ಇಲ್ಲ."

"ಅವ್ನು ತಪ್ಪು ನಂದೇ ಅಂತ ಮಂಡಿ ಊರಿದಾಗ ನೀವು ಪಕ್ಕದಲ್ಲೇ ನಿಂತಿದ್ರಿ."

ನಾನು ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಂಡೆ. "ನೀವು ಅದನ್ನ ಮುಟ್ಬೇಡಿ," ಎಂದಳು.

ಮುಟ್ಟಿಲ್ಲ. ಬರುವ ಭಾನುವಾರ ಕೆಲಮಂಗಲಕ್ಕೆ, ನಿನ್ನ ಮನೆಗೆ ಬರುತ್ತೇನೆ. ನಿನ್ನ ಮನೆಯವರೆಲ್ಲರ ಎದುರು ಇದನ್ನೇ ಹೇಳುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿನಗೆ ಸೇರಿದ್ದು. ಯಶೋದೆಯೂ ಬರುತ್ತಾಳೆ. ಅಡಾಪ್ಟರು ಅವಳ ಚೀಲದಲ್ಲಿರುತ್ತದೆ. ನಿನ್ನ ಹತ್ತಿರ ಮೊದಲು ತಾನೊಬ್ಬಳೇ ಮಾತಾಡಬೇಕಂತೆ — ಅವಳು ಮೊದಲ ಬಸ್ಸಿಗೆ ಹೊರಡುತ್ತಾಳೆ. ನನಗೆ ಮುಂದಿನ ಬಸ್ಸಿಗೆ ಬರಲು ಹೇಳಿದ್ದಾಳೆ.