ಬಾಗಿಲ ಹಿಂದಿನ ಹೆಬ್ಬೆರಳು

ಅಪ್ಪ ಆಸ್ಪತ್ರೆಯ ನೆಲದ ಮೇಲೆ ದೊಪ್ಪನೆ ಕೂತುಬಿಟ್ಟ. ಅವನಿಗೆ ಕಾಯಿಲೆ ಏನೂ ಇರಲಿಲ್ಲ. ಹಳೆಯ ವಾರ್ಡಿನ ಗೋಡೆ ಕೆರೆದು ಹೊಸ ಗಾರೆ ಬಳಿಯುವ ಕೆಲಸಕ್ಕೆ ನಾವು ಹೋಗಿದ್ದೆವು. ಸುಣ್ಣದ ಪದರಗಳನ್ನು ನಾನು ಕೆರೆಯುತ್ತಿದ್ದೆ, ಅಪ್ಪ ಕಿಟಕಿಯ ಬೆಳಕಿನಲ್ಲಿ ಗೋಡೆಯನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಬಿಳಿಚಿಕೊಂಡಿತು. ನೀರು ಕೊಟ್ಟರೆ ಕುಡಿಯಲಿಲ್ಲ. ಗೋಡೆಯ ಕಡೆ ಕೈ ತೋರಿಸಿ, "ಇದು ನಮ್ಮಪ್ಪನ ಕೈ" ಅಂದ.

"ಒಳ್ಳೇದಾಯ್ತಲ್ಲಪ್ಪ. ಅದಕ್ಯಾಕೆ ಹೀಗೆ ಬೆವರ್ತೀಯಾ?"

"ಈ ಆಸ್ಪತ್ರೆ ಕಟ್ಟೋವಾಗ ನಾನು ಶಾಲೆಗೆ ಹೋಗ್ತಿದ್ದೆ. ನಮ್ಮಪ್ಪ ಸತ್ತಿದ್ದು ನಾನು ತೊಟ್ಟಿಲಲ್ಲಿದ್ದಾಗ."

ನನ್ನ ಕೈಯಲ್ಲಿದ್ದ ಕೆರೆಯುವ ತಗಡು ಜಾರಿ ಕೆಳಗೆ ಬಿತ್ತು.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಊರಿಗೆಲ್ಲ ಅವನು ಎಡಗೈ ಮೇಸ್ತ್ರಿ. ಗಾರೆ ಬಳಿದು ಕರಣೆಯಿಂದ ಒತ್ತಿ ತೀಡಿದಾಗ ಗೋಡೆಯ ಮೇಲೆ ಕಮಾನು ಕಮಾನಾಗಿ ಸಣ್ಣ ಗೆರೆಗಳು ಉಳಿಯುತ್ತವೆ. ಬಲಗೈಯವರ ಗೆರೆ ಒಂದು ಕಡೆ ಬಾಗಿದರೆ ಎಡಚರದು ಅದರ ಎದುರು ದಿಕ್ಕಿಗೆ ಬಾಗುತ್ತದೆ. ಕೋಣೆ ಮುಗಿದ ಮೇಲೆ, ಗಾರೆ ಹಸಿಯಾಗಿರುವಾಗಲೇ, ಬಾಗಿಲ ಹಿಂದಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ಬರುವುದು ನಮ್ಮ ಮನೆಯವರ ಪದ್ಧತಿ. ಎರಡೂ ತನ್ನ ಅಪ್ಪನಿಂದ ಬಂದದ್ದು ಅನ್ನುವುದೇ ಅಪ್ಪನ ಹೆಮ್ಮೆ. ಆ ನಮ್ಮ ಅಜ್ಜ ಸಾರುವೆಯಿಂದ ಬಿದ್ದು ತೀರಿಕೊಂಡಿದ್ದ. ಗೋಡೆಗೆ ಆನಿಸಿ ಕಟ್ಟುವ ಆ ಮರದ ಅಟ್ಟಣಿಗೆಯನ್ನು ಹತ್ತುವ ಮುಂಚೆ ಅಪ್ಪ ಪ್ರತಿ ಸಲವೂ ಒಮ್ಮೆ ಅಲುಗಾಡಿಸಿ ನೋಡುತ್ತಿದ್ದ.

ಅಜ್ಜಿ ಕಟ್ಟಡದ ಕೆಲಸಗಳಲ್ಲಿ ಗಾರೆ ಹೊತ್ತು ಮಗನನ್ನು ಸಾಕಿದಳು. ಸಂಜೆ ಅವನ ಕೈಹಿಡಿದು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ, ಗೋಡೆಯನ್ನೂ ಬಾಗಿಲ ಹಿಂದಿನ ಹೆಬ್ಬೆರಳ ಗುರುತನ್ನೂ ತೋರಿಸಿ, "ಇದು ನಿಮ್ಮಪ್ಪ ಮಾಡಿದ್ದು" ಅನ್ನುತ್ತಿದ್ದಳಂತೆ. ಓರಗೆಯ ಮಕ್ಕಳಿಗೆಲ್ಲ ಹೆಗಲ ಮೇಲೆ ಕೂರಿಸಿಕೊಳ್ಳುವ ಅಪ್ಪಂದಿರಿದ್ದರು, ನಮ್ಮಪ್ಪನಿಗೆ ಅಂಚೆ ಕಚೇರಿಯ ಗೋಡೆ ಇತ್ತು. ಅದಕ್ಕೆ ಕೆನ್ನೆ ಒತ್ತಿ ನಿಂತುಬಿಡುತ್ತಿದ್ದನಂತೆ. ಎಳೆದರೂ ಬರುತ್ತಿರಲಿಲ್ಲವಂತೆ.

ಬೆಳೆದು ಕರಣೆ ಹಿಡಿದಾಗ ಅದು ತಾನಾಗಿಯೇ ಎಡಗೈಗೆ ಹೋಯಿತು. ಅಲ್ಲಿಂದ ಶುರುವಾಯಿತು ನೋಡಿ ಜಂಬ. "ಕೈ ಅನ್ನೋದು ಅಪ್ಪನಿಂದ ಮಗನಿಗೆ ಇಳಿಯತ್ತೆ" ಅನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವನಿಗೆ ಮಗನೇ ಇಲ್ಲ, ಇರುವುದು ನಾನೊಬ್ಬಳು. ಅಮ್ಮ ತೀರಿಕೊಂಡ ಮೇಲೆ ಅವನ ಜೊತೆ ಗಾರೆ ಕಲಸುವುದು, ಅದನ್ನು ತುಂಬಿದ ಬಾಂಡ್ಲಿ ಹೊರುವುದು ಎಲ್ಲ ನಾನೇ. ನಾನೂ ಎಡಚಿ. ಅವನಿಲ್ಲದಾಗ ಹಿತ್ತಿಲ ಗೋಡೆಯ ಮೇಲೆ ಬಳಿದು ಬಳಿದು ಕೈ ಪಳಗಿಸಿಕೊಂಡಿದ್ದೆ. ಆದರೆ ಕರಣೆ ಕೇಳಿದರೆ ಸಾಕು, "ಬಾಂಡ್ಲಿ ಹೊರೋ ಕೈ ಬೇರೆ, ಕರಣೆ ಹಿಡಿಯೋ ಕೈ ಬೇರೆ" ಅಂತ ಬಾಯಿ ಮುಚ್ಚಿಸುತ್ತಿದ್ದ.

ಈಚೆಗೆ ಅವನ ಭುಜ ಕೈಕೊಟ್ಟಿತ್ತು. ಇನ್ನು ಸಾರುವೆ ಹತ್ತಲಾಗದು ಅಂತಾದಾಗ, ಆಸ್ಪತ್ರೆಯ ಕೆಲಸ ಮುಗಿದ ಕೂಡಲೇ ಅಜ್ಜನ ಹಳೆಯ ಕರಣೆಯನ್ನೂ ಮೇಸ್ತ್ರಿಕೆಯನ್ನೂ ನನ್ನ ಮಾವನ ಮಗನಿಗೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟುಬಿಟ್ಟ. ಆ ಮಹಾಶಯನನ್ನು ಎಲ್ಲರೂ ಆಕಳಿಕೆ ಅಂತಲೇ ಕರೆಯುವುದು. ಅವನು ಗೋಡೆಗೆ ಒರಗಿದ್ದನ್ನು ಬಿಟ್ಟರೆ ಗೋಡೆ ಮುಟ್ಟಿದ್ದನ್ನು ನೋಡಿದವರಿಲ್ಲ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಇನ್ನು ಜೀವಮಾನವೆಲ್ಲ ಆಕಳಿಕೆಗೆ ಬಾಂಡ್ಲಿ ಹೊರುವುದೇ ನನ್ನ ಹಣೆಬರಹ ಅಂದುಕೊಂಡಿದ್ದೆ.

ಇಂಥ ಅಪ್ಪ ಈಗ ಬಾಗಿಲನ್ನು ಎಳೆದು, "ಈ ಮೂಲೆ ಮೆಲ್ಲಗೆ ಕೆರಿ" ಅಂದ. ಕೆರೆದೆ. ಸುಣ್ಣದ ಹಕ್ಕಳೆ ಉದುರಿತು. ಒಳಗೆ ಹೆಬ್ಬೆರಳ ಗುರುತು, ಇವತ್ತು ಬೆಳಿಗ್ಗೆ ಒತ್ತಿದಷ್ಟು ಸ್ಪಷ್ಟ. ನಡುವೆ ಓರೆಯಾಗಿ ಒಂದು ಗೆರೆ, ಗಾಯದ ಕಲೆಯಂಥದು. ಅಂಚೆ ಕಚೇರಿಯ ಗುರುತಿನಲ್ಲಿ ಸುಣ್ಣ ತುಂಬಿಕೊಂಡಿದ್ದರಿಂದ ಆ ಗೆರೆಯನ್ನು ಅಪ್ಪ ಎಂದೂ ಕಂಡಿರಲಿಲ್ಲ.

"ಬದುಕಿದ್ದ" ಅಂದ ಅಪ್ಪ. ದನಿಯೇ ಅವನದಲ್ಲ. "ನಮ್ಮನ್ನ ಬಿಟ್ಟು ಇದೇ ಊರಲ್ಲಿ ಬದುಕಿದ್ದ. ನಾನು ಅಲ್ಲಿ ಗೋಡೆಗೆ ಕೆನ್ನೆ ಒತ್ತಿ ನಿಂತಿರುವಾಗ, ಅವನು ಇಲ್ಲಿ ಆರಾಮಾಗಿ ಗಾರೆ ಬಳೀತಿದ್ದ!"

ಕೆಲಸ ಅಲ್ಲೇ ಬಿಟ್ಟು ಅವನು ಮನೆಯ ಕಡೆ ದಾಪುಗಾಲು ಹಾಕಿದ. ನಾನೂ ಹಿಂದೆಯೇ ಓಡಿದೆ. ಇಷ್ಟು ವರ್ಷ ಅಜ್ಜಿ ಸುಳ್ಳು ಹೇಳಿದಳೇ? ಒಬ್ಬ ಮನುಷ್ಯನನ್ನು ಸತ್ತ ಅಂತ ಸಾಧಿಸಿ ಮಗನನ್ನು ಗೋಡೆಗೆ ಕಟ್ಟಿಹಾಕಿದಳೇ? ನಂಬಲು ಮನಸ್ಸೇ ಒಪ್ಪಲಿಲ್ಲ.

ಅಜ್ಜಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಅಪ್ಪ ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದ.

"ಅಮ್ಮ, ಅಪ್ಪ ಯಾವಾಗ ಸತ್ತ? ನಿಜ ಹೇಳು. ಆಸ್ಪತ್ರೆ ಗೋಡೆ ಮೇಲೆ ಅವನ ಕೈ ಇದೆ."

ಅಜ್ಜಿಯ ಕೈ ನಿಂತಿತು. ಮಗನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹಿಟ್ಟನ್ನು ತಟ್ಟಿ ಸಮ ಮಾಡಿ, ಅದರ ಮೇಲೆ ತನ್ನ ಎಡಗೈ ಹೆಬ್ಬೆರಳನ್ನು ಒತ್ತಿ ತೆಗೆದಳು.

ನಡುವೆ ಓರೆಯಾದ ಗೆರೆ.

ಆ ಗಾಯದ ಕಲೆ ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದು. ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗ ದಿನಾ ನನ್ನ ಕತ್ತಿಗೆ ತಾಗುತ್ತಿತ್ತು. ಅಪ್ಪ ಹಿಟ್ಟನ್ನೇ ನೋಡುತ್ತ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ನಿಮ್ಮಪ್ಪ ಸತ್ತಿದ್ದು ನಿಜ, ಬಿದ್ದಿದ್ದೂ ನಿಜ" ಅಂದಳು ಅಜ್ಜಿ. "ಅವರದು ಬಲಗೈ. ಪಾಪ, ಗೋಡೆ ಸೊಟ್ಟ ಬಳೀತಿದ್ರು. ಅವರಿಗೆ ಗಾರೆ ಹೊತ್ತು ಹೊತ್ತು ನಾನೇ ಕಲಿತುಬಿಟ್ಟೆ."

"ಅಮ್ಮ, ನೀನು ಬಲಗೈಲೇ ಅಲ್ವಾ ಎಲ್ಲಾ ಮಾಡೋದು?"

"ಊಟ, ಅಡುಗೆ ಬಲಗೈಲಿ ಅಂತ ಬಾರಿಸಿ ಕಲಿಸಿದ್ರು. ಕರಣೆ ಯಾರೂ ಕಲಿಸಿರಲಿಲ್ಲವಲ್ಲ, ಅದು ತಾನಾಗೇ ಎಡಗೈಗೆ ಬಂತು."

ಅಜ್ಜ ತೀರಿಕೊಂಡ ಮೇಲೆ ಆಗಿನ ಮೇಸ್ತ್ರಿ ಅಜ್ಜಿಯನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಮುಚ್ಚಿಸುತ್ತಿದ್ದನಂತೆ. ಹೆಂಗಸು ಬಳಿದ ಗೋಡೆ ಅಂತ ಗೊತ್ತಾದರೆ ಕೆಲಸ ಕೊಡುವವರು ಮುಖ ಸಿಂಡರಿಸುತ್ತಿದ್ದರು. ಹೆಸರು ಮೇಸ್ತ್ರಿಗೆ, ಗೋಡೆ ಇವಳದು. ಬಾಗಿಲು ಮುಚ್ಚಿರುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳದೆ ಅದರ ಹಿಂದೆ ಹೆಬ್ಬೆರಳು ಒತ್ತಿ ಬರುತ್ತಿದ್ದಳು.

"ಅಂಚೆ ಕಚೇರಿ?" ಅಂದ ಅಪ್ಪ.

"ಅದೂ ನಾನೇ. ನೀನು ದಿನಾ ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತ ಪ್ರಾಣ ತಿಂತಿದ್ದೆ. ಏನಾದ್ರೂ ತೋರಿಸಬೇಕಿತ್ತಲ್ಲ. ಗೋಡೆ ಇತ್ತು, ತೋರಿಸಿದೆ."

"ಆಮೇಲಾದ್ರೂ ಹೇಳಬಾರದಾ?"

"ಹೇಳೋಣ ಅನ್ನೋಷ್ಟರಲ್ಲಿ ನೀನು ಊರೆಲ್ಲ ನಮ್ಮಪ್ಪ, ನಮ್ಮಪ್ಪ ಅಂತ ಕೊಚ್ಚಿಕೊಳ್ತಿದ್ದೆ. ಆ ಮುಖ ನೋಡಿ ಬಾಯೇ ಬರಲಿಲ್ಲ."

ಅಪ್ಪ ಚೀಲದಿಂದ ಕರಣೆ ತೆಗೆದ. ಹಿಡಿ ಒಂದು ಕಡೆ ಸವೆದಿದೆ. ಅಪ್ಪನ ಬೆರಳು ಸವೆಸಿದ್ದು ಅಂತ ಅವನು ಬದುಕಿಡೀ ಸವರಿಕೊಂಡು ಬಂದ ಜಾಗ ಅದು. "ಹಾಗಾದ್ರೆ ಇದು?"

"ನಂದು" ಅಂದಳು ಅಜ್ಜಿ. ಅಲ್ಲಿಯವರೆಗೆ ಮೆತ್ತಗಿದ್ದ ದನಿ ಒಮ್ಮೆಲೇ ಏರಿತು. "ನನ್ನ ಕರಣೇನ ಆ ಆಕಳಿಕೆಗೆ ಕೊಡ್ತೀನಿ ಅಂತ ಮಾತು ಕೊಟ್ಟು ಬಂದೆಯಂತೆ. ಯಾರನ್ನ ಕೇಳಿ?"

ಅಪ್ಪ ಕುಸಿದು ಕೂತ. ಅವನು ಅಳುವುದನ್ನು ನಾನು ಮೊದಲ ಸಲ ನೋಡಿದೆ. ನೋಡಲಾಗಲಿಲ್ಲ, ಹಿತ್ತಿಲಿಗೆ ಹೋಗಿಬಿಟ್ಟೆ.

ಮರುದಿನ ಅಜ್ಜಿಯೂ ಆಸ್ಪತ್ರೆಗೆ ಬಂದಳು. ಅಷ್ಟರಲ್ಲಿ ಅಪ್ಪ ಆ ಮೂಲೆಯೊಂದನ್ನು ಬಿಟ್ಟು ಉಳಿದ ಹಳೆಯ ಗಾರೆಯನ್ನೆಲ್ಲ ಒಡೆದಿದ್ದ. ಅಜ್ಜಿ ತನ್ನ ಹೆಬ್ಬೆರಳ ಗುರುತನ್ನು ಬಗ್ಗಿ ನೋಡಿ, "ಇದನ್ನೂ ಒಡಿ. ಹಳೇದು ಉಳಿಸಿದ್ರೆ ಹೊಸ ಗಾರೆ ಹಿಡಿಯಲ್ಲ" ಅಂದಳು. ಅಪ್ಪನಿಗೆ ಕೈ ಬರಲಿಲ್ಲ. ಸುತ್ತಿಗೆ ಕಸಿದುಕೊಂಡು ಅವಳೇ ಒಡೆದಳು. ಆಮೇಲೆ ಕರಣೆಯನ್ನು ನನ್ನ ಎಡಗೈಗೆ ಇಟ್ಟಳು.

ನಾನು ಬಳಿದೆ. ಅಪ್ಪ ಗಾರೆ ಕಲಸಿದ, ನೋವಿರುವ ಭುಜ ಬಿಟ್ಟು ಇನ್ನೊಂದರ ಮೇಲೆ ಬಾಂಡ್ಲಿ ಹೊತ್ತು ತಂದುಕೊಟ್ಟ. ಕೋಣೆ ಮುಗಿಯಿತು. ಪದ್ಧತಿಯಂತೆ ಬಾಗಿಲ ಹಿಂದಿನ ಮೂಲೆಗೆ ಬಗ್ಗಿದೆ.

"ಅಲ್ಲಿ ಬೇಡ" ಅಂದ ಅಪ್ಪ.

ಇಷ್ಟಾದ ಮೇಲೂ ಒಪ್ಪಲಿಲ್ಲವೇ ಇವನು?

ಅಪ್ಪ ಬಾಗಿಲನ್ನು ಪೂರ್ತಿ ತೆರೆದ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಎದುರು ಗೋಡೆಯನ್ನು ತೋರಿಸಿ, "ಇಲ್ಲಿ ಒತ್ತು" ಅಂದ. ನಾನು ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದೆ.

"ಬಾಯಿ ಆಮೇಲೆ ಮುಚ್ಚಿಕೊಳ್ಳುವಿಯಂತೆ" ಅಂತ ಗದರಿದ. "ಬೇಗ ಒತ್ತು, ಗಾರೆ ಒಣಗ್ತಿದೆ."